ಕಿತ್ತೂರು ಕೋಟೆಯಲ್ಲಿ ಒಂದು ಸಣ್ಣ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಹುಬ್ಬಳ್ಳಿ ಕಡೆಯಿಂದ ಕಿತ್ತೂರು ಕೋಟೆ ನೋಡಲು ಹೊರಡುವವರು ಫೋನಿನಲ್ಲಿ, ಪತ್ರದಲ್ಲಿ, ಕೆಲವೊಮ್ಮೆ ಕೋಟೆಯ ಬಾಗಿಲಲ್ಲೇ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಹೋಗಿಬರುವ ವಿಚಾರ ಮೊದಲು, ಕಾಳಗದ ವಿಚಾರ ಆಮೇಲೆ, ವಾದ ಹುಟ್ಟಿಸುವಂಥವು ಕೊನೆಗೆ.

## ಹೊರಡುವ ಮುಂಚೆ

ಕಿತ್ತೂರು ನಮ್ಮ ಧಾರವಾಡ ಜಿಲ್ಲಾದಾಗ ಬರತೈತೇನ್ರಿ? ಎಷ್ಟ ದೂರ ಆಗತೈತಿ?

ಬರುವುದಿಲ್ಲ, ಅದು ಬೆಳಗಾವಿ ಜಿಲ್ಲೆ. ಆದರೆ ಬೆಳಗಾವಿಗಿಂತ ಧಾರವಾಡವೇ ಅದಕ್ಕೆ ಹತ್ತಿರ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಧಾರವಾಡದಿಂದ ಸುಮಾರು 30 ಕಿ.ಮೀ., ಹುಬ್ಬಳ್ಳಿಯಿಂದ 50ರ ಆಸುಪಾಸು. ಅಂದಿನ ಆಡಳಿತದ ಲೆಕ್ಕದಲ್ಲೂ ಕಿತ್ತೂರಿನ ನಂಟು ಧಾರವಾಡಕ್ಕೇ ಇತ್ತು: 1824ರಲ್ಲಿ ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿದ ಕಲೆಕ್ಟರ್ ಥ್ಯಾಕರೆಯ ಕಚೇರಿ ಧಾರವಾಡದಲ್ಲಿತ್ತು.

ಬಸ್ಸಿಗೆ ಹೋದ್ರ ನಡೀತೈತೋ, ಕಾರ ಬೇಕೋ?

ಬಸ್ಸು ಸಾಕು. ಧಾರವಾಡ-ಬೆಳಗಾವಿ ನಡುವೆ ಬಸ್ಸಿಗೆ ಬರವಿಲ್ಲ. ಆದರೆ ತಡೆರಹಿತ ಬಸ್ಸು ಹತ್ತಿದರೆ ಬೆಳಗಾವಿಯಲ್ಲೇ ಇಳಿಯಬೇಕಾದೀತು. ಕಿತ್ತೂರಿನ ಒಳಗೆ ಹೋಗುತ್ತದೆಯೋ, ಹೆದ್ದಾರಿಯ ಕ್ರಾಸಿನಲ್ಲಿ ಇಳಿಸುತ್ತದೆಯೋ ಎಂದು ಹತ್ತುವ ಮುಂಚೆಯೇ ಕಂಡಕ್ಟರನ್ನು ಕೇಳಿಕೊಳ್ಳಿ. ರೈಲಿನ ಆಸೆ ಬೇಡ. ಧಾರವಾಡದಿಂದ ಬೆಳಗಾವಿಗೆ ಹೋಗುವ ಹಳೆಯ ರೈಲು ಹಳಿ ಲೋಂಡಾ ಸುತ್ತಿ ಹೋಗುತ್ತದೆ, ಕಿತ್ತೂರನ್ನು ಮುಟ್ಟುವುದೇ ಇಲ್ಲ.

ನಮ್ಮ ಅವ್ವಗ ಮೊಣಕಾಲ ಬ್ಯಾನಿ ಐತ್ರಿ. ಆಕಿ ಅಡ್ಡಾಡ್ತಾಳೇನು?

ಧಾರಾಳವಾಗಿ. ಇದು ಗುಡ್ಡದ ಕೋಟೆಯಲ್ಲ, ನೆಲಗೋಟೆ. ಏರು ಅಂತ ಇರುವುದು ಬುರುಜಿನ ದಿಬ್ಬ ಹತ್ತುವಾಗ ಮಾತ್ರ, ಅದನ್ನು ಬಿಟ್ಟರೂ ನಷ್ಟವಿಲ್ಲ. ಅರಮನೆಯೊಳಗೆ ಕೋಣೆಯಿಂದ ಕೋಣೆಗೆ ದಾಟುವಾಗ ಹೊಸ್ತಿಲು, ಒಡೆದ ಮೆಟ್ಟಿಲು ಸಿಗುತ್ತವೆ. ಅಲ್ಲಿ ಕೈ ಹಿಡಿಯಲು ಒಬ್ಬರು ಜೊತೆಗಿರಲಿ. ಅವ್ವನಿಗೆ ಕೋಲು, ನಿಮಗೆ ನಿಧಾನ, ಇಷ್ಟಿದ್ದರೆ ಒಂದೂವರೆ ತಾಸಿನಲ್ಲಿ ಎಲ್ಲ ಮುಗಿಯುತ್ತದೆ. ಗಾಲಿಕುರ್ಚಿ ಅಂಗಳದವರೆಗೆ ಹೋದೀತು, ಅರಮನೆಯ ಒಳಕ್ಕೆ ಕಷ್ಟ.

ಯಾವಾಗ ಹೋಗಬೇಕು? ಉತ್ಸವದಾಗ ಹೋದ್ರ ಛಲೋ ಅಲ್ಲೇನು?

ಉತ್ಸವ ನೋಡಬೇಕೆಂದಿದ್ದರೆ ಉತ್ಸವಕ್ಕೆ ಹೋಗಿ, ಕೋಟೆ ನೋಡಬೇಕೆಂದಿದ್ದರೆ ಬೇರೆ ದಿನ ಹೋಗಿ. ವರ್ಷಾವರ್ಷ ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ. ವಿಜಯಜ್ಯೋತಿ, ಜಾನಪದ ಮೇಳ, ಕುಸ್ತಿ, ರಾತ್ರಿ ಹಾಡು-ಕುಣಿತ, ಎಲ್ಲ ಸೊಗಸು. ಆದರೆ ಆ ಗದ್ದಲದಲ್ಲಿ ಯಾವ ಗೋಡೆ ಎಲ್ಲಿ ತಿರುಗಿತು ಎಂದು ನೋಡುತ್ತ ನಿಲ್ಲಲಾಗದು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಯಾವುದಾದರೂ ಮುಂಜಾನೆ ನನ್ನ ಆಯ್ಕೆ. ಕಿತ್ತೂರು ಮಲೆನಾಡಿನ ಸೆರಗಿನ ಊರು, ಮಳೆಗಾಲದಲ್ಲಿ ಗೋಡೆಯೆಲ್ಲ ಹಸಿರುಗಟ್ಟಿ ಚೆಂದ ಕಾಣುತ್ತದೆ. ಪಾಚಿಯ ಮೇಲೆ ಕಾಲು ಜಾರುವುದೂ ಆವಾಗಲೇ. ಏಪ್ರಿಲ್-ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಬಯಲಿನಲ್ಲಿ ನಿಲ್ಲುವುದು ಬೇಡವೇ ಬೇಡ.

ಊಟಾ-ಗೀಟಾ ಅಲ್ಲೇ ಸಿಗತೈತೇನ್ರಿ?

ಊರಲ್ಲಿ ಖಾನಾವಳಿ, ಚಹಾದಂಗಡಿ ಇವೆ. ರೊಟ್ಟಿ-ಬುತ್ತಿ ಕಟ್ಟಿಕೊಂಡು ಹೋದರೆ ಇನ್ನೂ ಬೇಷ್. ಅರಮನೆಯ ಜಗಲಿಯ ಮೇಲೆ ಬುತ್ತಿ ಬಿಚ್ಚಬೇಡಿ, ಹೊರಗೆ ಮರದ ನೆರಳಿದೆ.

ಮ್ಯೂಸಿಯಂ ಯಾವಾಗ ತೆಗೆದಿರತಾರ?

ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ಮತ್ತು ಸರ್ಕಾರಿ ರಜೆಯ ದಿನ ಬಾಗಿಲು ಹಾಕಿರುತ್ತದೆ. ಆ ದಿನಗಳನ್ನು ತಪ್ಪಿಸಿ ಬನ್ನಿ.

## ಕೋಟೆಯೊಳಗೆ

ಒಳಗ ಹೋದ ಮ್ಯಾಲ ಎಲ್ಲಿಂದ ಶುರು ಮಾಡಬೇಕು?

ಹೆಚ್ಚಿನವರು ನೆಟ್ಟಗೆ ಅರಮನೆಗೆ ನುಗ್ಗುತ್ತಾರೆ. ನನ್ನ ಮಾತು ಕೇಳುವುದಾದರೆ ಹೊರಗಿನಿಂದ ಒಳಗೆ ಬನ್ನಿ, ಯಾಕೆಂದರೆ ಕಾಳಗವೂ ಹಾಗೇ ಬಂತು. ಮೊದಲು ಕಂದಕ ಮತ್ತು ಕೋಟೆಗೋಡೆ. ಕಂದಕ ಹಲವೆಡೆ ಹೂತುಹೋಗಿ ಹುಲ್ಲು ಬೆಳೆದ ತಗ್ಗಿನ ಹಾಗೆ ಕಾಣುತ್ತದೆ, ಅದರ ಅಂಚು ಹಿಡಿದು ನಾಲ್ಕು ಹೆಜ್ಜೆ ನಡೆದರೆ ಅಗಲ ಎಷ್ಟಿತ್ತು ಎಂಬ ಅಂದಾಜು ಸಿಗುತ್ತದೆ. ಆಮೇಲೆ ಬಾಗಿಲಿನ ಜಾಗ. ಒಳಗೆ ಹೋಗುವ ಮುಂಚೆ ಒಂದು ನಿಮಿಷ ಬೆನ್ನು ಒಳಗೆ, ಮುಖ ಹೊರಗೆ ಮಾಡಿ ನಿಲ್ಲಿ: ಎದುರಿನ ಬಯಲಿನಲ್ಲಿ ತೋಪು ನಿಂತಿದ್ದರೆ ಒಳಗಿದ್ದವರಿಗೆ ಏನು ಕಂಡೀತು ಎಂಬುದು ಆಗ ತಿಳಿಯುತ್ತದೆ. ಅಲ್ಲಿಂದ ಬುರುಜಿನ ದಿಬ್ಬ, ಆಮೇಲೆ ಅರಮನೆ, ಕೊನೆಗೆ ಮ್ಯೂಸಿಯಂ. ಬಿಸಿಲೇರುವ ಹೊತ್ತಿಗೆ ನೀವು ಮಾಡಿನಡಿ ಇರುತ್ತೀರಿ, ಅದೂ ಒಂದು ಲಾಭ.

ಬರೇ ಮೋಟು ಗೋಡಿ ಅದಾವಲ್ರಿ, ಅರಮನಿ ಎಲ್ಲೈತಿ?

ಆ ಮೋಟು ಗೋಡೆಗಳೇ ಅರಮನೆ. ಕಿತ್ತೂರು ದೇಸಾಯಿ ಮನೆತನದ ಅಲ್ಲಪ್ಪಗೌಡ ಸರದೇಸಾಯಿ 17ನೇ ಶತಮಾನದಲ್ಲಿ ಇಲ್ಲಿ ರಾಜಧಾನಿ ಊರಿ ಕಟ್ಟಿಸಿದ್ದು. ಕಲ್ಲಿನ ಅಡಿಪಾಯ, ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಕಂಬ, ತೊಲೆ, ಮಾಳಿಗೆ ಎಲ್ಲ ಕಟ್ಟಿಗೆಯದು. ಕಟ್ಟಿಗೆ ಹೋಯಿತು, ಹಾಗಾಗಿ ಮಾಡೂ ಹೋಯಿತು. ನಿಂತಿರುವುದು ಗೋಡೆ ಮಾತ್ರ.

ಹತ್ತಿರ ಹೋಗಿ ಒಂದು ಗೋಡೆಯನ್ನು ನೋಡಿ. ಇಟ್ಟಿಗೆ ಈಗಿನದಕ್ಕಿಂತ ತೆಳು. ಎರಡು ಇಟ್ಟಿಗೆಗಳ ನಡುವೆ ಗಾರೆ ಧಾರಾಳವಾಗಿದೆ. ಗಾರೆ ಉದುರದೆ ಉಳಿದ ಕಡೆ ಮೈ ನುಣುಪಾಗಿದೆ, ಉದುರಿದ ಕಡೆ ಇಟ್ಟಿಗೆಯ ಅಂಚು ಮಳೆಗೆ ಸವೆದು ದುಂಡಗಾಗಿದೆ. ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ ಚೌಕನೆಯ ತೂತು ಕಂಡರೆ ಅಲ್ಲಿ ತೊಲೆಯ ತುದಿ ಕೂತಿತ್ತೆಂದು ಅರ್ಥ, ಅಂದರೆ ಅದರ ಮೇಲೆ ಇನ್ನೊಂದು ಅಂತಸ್ತು ಅಥವಾ ಮಾಳಿಗೆ ಇತ್ತು. ಹೀಗೆ ತೂತು ಎಣಿಸುತ್ತ ಹೋದರೆ ಕಣ್ಣೆದುರಿಗೆ ಅರಮನೆ ತಾನಾಗಿ ಏಳುತ್ತದೆ. ದರ್ಬಾರಿನ ಜಾಗ, ಅಡುಗೆಮನೆ, ಸ್ನಾನದ ತೊಟ್ಟಿ, ನೀರು ಹರಿದು ಹೋಗುತ್ತಿದ್ದ ಕಾಲುವೆ, ಬಾವಿ, ಎಲ್ಲ ಗುರುತು ಹಿಡಿಯಬಹುದು. ಸ್ನಾನದ ಮನೆಯ ನೀರಿನ ವ್ಯವಸ್ಥೆಯನ್ನು ಮಾತ್ರ ತಪ್ಪಿಸಬೇಡಿ.

ಧ್ರುವ ನಕ್ಷತ್ರ ನೋಡೋ ಕಿಂಡಿ ಐತಂತಲ್ಲ, ಅದು ಖರೇನ?

ಗೋಡೆಯಲ್ಲಿ ಕೊಳವೆಯಂಥ ಕಿಂಡಿ ಇದೆ, ಅದರೊಳಗಿಂದ ಧ್ರುವ ನಕ್ಷತ್ರ ನೋಡುತ್ತಿದ್ದರು ಎಂದು ಅಲ್ಲಿಯವರು ತೋರಿಸುತ್ತಾರೆ. ಹಗಲು ಇಣುಕಿದರೆ ಆಕಾಶದ ಒಂದು ಬಿಲ್ಲೆ ಕಾಣುತ್ತದೆ, ಅಷ್ಟೆ. ನಿಮಗೆ ನೀವೇ ಪರೀಕ್ಷೆ ಮಾಡಬೇಕೆಂದರೆ ದಾರಿ ಸುಲಭ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆ ಎಂಬುದು ಆ ಊರಿನ ಅಕ್ಷಾಂಶದಷ್ಟೇ ಇರುತ್ತದೆ. ಕಿತ್ತೂರಿನ ಅಕ್ಷಾಂಶ ಸುಮಾರು ಹದಿನೈದೂವರೆ ಡಿಗ್ರಿ. ಹಾಗಾದರೆ ಕಿಂಡಿ ಉತ್ತರಕ್ಕೆ ಮುಖ ಮಾಡಿ, ತುಸುವೇ ಮೇಲಕ್ಕೆ ಓರೆಯಾಗಿರಬೇಕು. ಮೊಬೈಲಿನ ದಿಕ್ಸೂಚಿ, ಓರೆ ಅಳೆಯುವ ಆ್ಯಪು ಎರಡೂ ಸಾಕು. ಕಾಲೇಜು ಹುಡುಗರಿಗೆ ಈ ಕೆಲಸ ಒಪ್ಪಿಸಿದರೆ ಸೆಲ್ಫಿ ಮರೆತುಬಿಡುತ್ತಾರೆ.

ಮ್ಯೂಸಿಯಂದಾಗ ಏನೇನ ಐತಿ?

ಆಯುಧ, ಶಿಲ್ಪ, ವೀರಗಲ್ಲು, ಶಾಸನ. ನನಗೆ ಮುಖ್ಯವೆನಿಸುವುದು ಅರಮನೆಯ ಕೆತ್ತನೆಯ ಬಾಗಿಲುವಾಡ. ಹೊರಗೆ ಮಾಡಿಲ್ಲದ ಗೋಡೆಗಳನ್ನು ನೋಡಿ ಬಂದವರಿಗೆ ಆ ಮನೆಯ ಕಟ್ಟಿಗೆ ಕೆಲಸ ಎಂಥದಿತ್ತು ಎಂದು ತೋರಿಸುವುದು ಅದೊಂದೇ. ಕತ್ತಿಗಳ ಮುಂದೆ ಗುಂಪು ಕಟ್ಟುವವರು ಅದನ್ನು ದಾಟಿ ಹೋಗಿಬಿಡುತ್ತಾರೆ.

## ಕಾಳಗದ ಬಗ್ಗೆ

ಜಗಳ ಹೆಂಗ ಹತ್ತಿತು? ಸಾಲ್ಯಾಗ ಓದಿದ್ದು ಮರತೈತಿ.

ದೊರೆ ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ಅವನ ಹಿರಿಯ ಹೆಂಡತಿ ರುದ್ರಮ್ಮ, ಕಿರಿಯಳು ಕಾಕತಿಯ ಚೆನ್ನಮ್ಮ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. ಅವನಿಗೆ ಮಕ್ಕಳಿರಲಿಲ್ಲ, 1824ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವ ಮುಂಚೆ ಮಾಸ್ತಮರಡಿಯ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ. ದತ್ತಿನ ಕಾಗದ ಸಾಚಾ ಅಲ್ಲವೆಂದು ಥ್ಯಾಕರೆ ಸಂಶಯಪಟ್ಟ, ಕಂಪನಿ ಸರ್ಕಾರದ ಅಪ್ಪಣೆ ಇಲ್ಲದ ದತ್ತು ನಡೆಯದು ಎಂದ. ಖಜಾನೆಗೆ ಮೊಹರು ಬಿತ್ತು. ಸಂಸ್ಥಾನದ ಉಸ್ತುವಾರಿಯನ್ನು ಕೊಣ್ಣೂರ ಮಲ್ಲಪ್ಪ ಮತ್ತು ಹಾವೇರಿ ವೆಂಕಟರಾವ್ ಅವರ ಕೈಗಿತ್ತ. ಮೊಹರು, ಕಾವಲು, ಮೂಗು ತೂರಿಸಿದ ಆಡಳಿತ, ಇವು ಮೂರೂ ಕೂಡಿ ಅಕ್ಟೋಬರಿಗೆ ಬಂದು ನಿಂತಿತು.

ಥ್ಯಾಕರೆ ಬಿದ್ದದ್ದು ಯಾವ ಜಾಗಾದಾಗ?

ಕೋಟೆ ಬಾಗಿಲ ಮುಂದಿನ ಬಯಲಿನಲ್ಲಿ. 1824ರ ಅಕ್ಟೋಬರ್ 23ರಂದು ಬಾಗಿಲು ಹಾಕಿತ್ತು. ತೆರೆಯದಿದ್ದರೆ ತೋಪು ಹಾರಿಸಿ ಒಡೆಯುವುದಾಗಿ ಥ್ಯಾಕರೆ ಗಡುವು ಕೊಟ್ಟ. ಅಷ್ಟರಲ್ಲಿ ಬಾಗಿಲು ಒಳಗಿನಿಂದಲೇ ತೆರೆಯಿತು, ಸರದಾರ ಗುರುಸಿದ್ದಪ್ಪನ ಪಡೆ ಹೊರಗೆ ನುಗ್ಗಿತು. ತೋಪಿನವರಿಗೆ ಸಾವರಿಸಿಕೊಳ್ಳಲು ಹೊತ್ತೇ ಸಿಗಲಿಲ್ಲ. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಕ್ಯಾಪ್ಟನ್ ಬ್ಲ್ಯಾಕ್ ಮತ್ತು ತೋಪಿನ ದಳದ ಇನ್ನಿಬ್ಬರು ಅಧಿಕಾರಿಗಳೂ ಸತ್ತರು. ಥ್ಯಾಕರೆಯ ಇಬ್ಬರು ಸಹಾಯಕರು, ಸ್ಟೀವನ್‌ಸನ್ ಮತ್ತು ಎಲಿಯಟ್, ಸೆರೆ ಸಿಕ್ಕರು.

ಬಾಗಿಲ ಬಳಿ ನಿಂತಾಗ ಗಮನಿಸಬೇಕಾದದ್ದು ದೂರ. ಬಾಗಿಲಿಗೂ ತೋಪಿಗೂ ನಡುವೆ ಇದ್ದ ಅಂತರವನ್ನು ಓಡಿ ದಾಟಬಹುದಿತ್ತು. ತೋಪಿನ ಬಲ ದೂರದಲ್ಲಿರುತ್ತದೆ, ಹತ್ತಿರ ಬಂದವನ ಮುಂದೆ ಅದು ಬರೀ ಕಬ್ಬಿಣ. ಕಿತ್ತೂರಿನವರು ಗೆದ್ದದ್ದು ಧೈರ್ಯದಿಂದ ಎನ್ನುತ್ತೇವೆ, ಧೈರ್ಯದ ಜೊತೆ ಈ ಲೆಕ್ಕವೂ ಇತ್ತು.

ಅಷ್ಟ ಛಂದ ಗೆದ್ದವ್ರು ಡಿಸೆಂಬರ್‌ದಾಗ ಯಾಕ ಸೋತ್ರು? ಮದ್ದಿನ್ಯಾಗ ಸಗಣಿ ಕಲಿಸಿದ್ರಂತಲ್ಲ?

ಒಳಗಿನವರೇ ಮದ್ದಿಗೆ ಸಗಣಿ, ಕಾಳು ಬೆರೆಸಿದರು ಎಂಬುದು ಲಾವಣಿಯಲ್ಲಿ ಬರುವ ಮಾತು. ದ್ರೋಹದ ಆರೋಪ ಹೊತ್ತವರು, ಥ್ಯಾಕರೆ ನೇಮಿಸಿದ ಆ ಇಬ್ಬರೇ. ಅವರು ಕಂಪನಿಯ ಪರ ಇದ್ದರು ಎಂಬುದಕ್ಕೆ ನೇಮಕವೇ ಸಾಕ್ಷಿ, ಮದ್ದಿನ ಕತೆಗೆ ಜನರ ನೆನಪೇ ಆಧಾರ. ಅದನ್ನು ಹಾಡಾಗಿ ಕೇಳಿ, ಸೋಲಿನ ಪೂರ್ತಿ ಕಾರಣವೆಂದು ಹೇಳಬೇಡಿ.

ದೊಡ್ಡ ಕಾರಣ ಕಾಲ ಕೆಳಗೇ ಇದೆ. ಅಕ್ಟೋಬರಿನಲ್ಲಿ ಬಂದದ್ದು ಒಬ್ಬ ಕಲೆಕ್ಟರ್ ಮತ್ತು ಅವನ ಜೊತೆಯ ಸಣ್ಣ ದಂಡು. ಡಿಸೆಂಬರಿನ ಹೊತ್ತಿಗೆ ಡೆಕ್ಕನ್ನಿನ ಕಮಿಷನರ್ ಚಾಪ್ಲಿನ್ ಬೇರೆ ಬೇರೆ ಠಾಣೆಗಳಿಂದ ಸೈನ್ಯ ಕೂಡಿಸಿದ್ದ, ದಂಡನಾಯಕ ಲೆಫ್ಟಿನೆಂಟ್ ಕರ್ನಲ್ ಡೀಕನ್. ಸೆರೆಯಲ್ಲಿದ್ದ ಇಬ್ಬರು ಬಿಳಿಯರನ್ನು ಚೆನ್ನಮ್ಮ ಬಿಟ್ಟುಕೊಟ್ಟಳು, ಅದರಿಂದ ಮುತ್ತಿಗೆಯೇನೂ ನಿಲ್ಲಲಿಲ್ಲ. ಈ ಸಲ ತೋಪುಗಳು ಓಡಿ ಹಿಡಿಯುವಷ್ಟು ಹತ್ತಿರ ಬರಲಿಲ್ಲ. ಬೆಟ್ಟದ ಆಸರೆಯಿಲ್ಲದ ನೆಲಗೋಟೆ ಎಷ್ಟು ಹೊತ್ತು ಹೊಡೆತ ತಾಳೀತು? ಡಿಸೆಂಬರ್ 5ರ ಹೊತ್ತಿಗೆ ಕಿತ್ತೂರು ಬಿತ್ತು. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತದ್ದು ಈ ಎರಡನೆಯ ಕಾಳಗದಲ್ಲಿ. ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋನ ಸಂಬಂಧಿ ಅವನು.

ಅವ್ವನ ಮೊಣಕಾಲಿಗೆ ಅನುಕೂಲವಾದ ಈ ಸಮತಟ್ಟು ನೆಲವೇ ಅಂದು ಕೋಟೆಗೆ ಮುಳುವಾಯಿತು.

ರಾಣಿ ಸಮಾಧಿ ಕಿತ್ತೂರಾಗ ಇಲ್ಲೇನು?

ಇಲ್ಲ. ಸೋಲಿನ ಮೇಲೆ ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು, 1829ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡಳು. ಸಮಾಧಿ ಬೈಲಹೊಂಗಲದಲ್ಲಿದೆ. ಅವಳ ಪರವಾಗಿ ಮುಂದೆಯೂ ಬಂಡು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿಸಿದರು. ಕಿತ್ತೂರಿನಲ್ಲಿ ಅರಮನೆಯಷ್ಟೇ ನೋಡಬೇಕಾದದ್ದು ರಾಜಗುರು ಸಂಸ್ಥಾನ ಕಲ್ಮಠ. ಇನ್ನೂ ಹೊತ್ತಿದ್ದರೆ ಪಕ್ಕದ ದೇಗಾಂವೆಗೆ ಹೋಗಿ ಬನ್ನಿ. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯ ಕೆತ್ತನೆ ನೋಡಿದ ಮೇಲೆ ಬೇರೆಲ್ಲ ಮರೆತೀತು, ಅದಕ್ಕೇ ಅದನ್ನು ಕೊನೆಗಿಡಿ.

## ಇನ್ನಷ್ಟು ಬೇಕೆಂದವರಿಗೆ

ಥ್ಯಾಕರೆ ಗೋರಿ ಧಾರವಾಡದಾಗ ಐತಿ ಅಂತಾರ. ಅದನ್ನ ನೋಡೋದು ತಪ್ಪೇನ್ರಿ?

ತಪ್ಪೇನಿದೆ? ಥ್ಯಾಕರೆ ಮತ್ತು ಮನ್ರೋ ಇಬ್ಬರ ಗೋರಿಗಳೂ ಧಾರವಾಡದಲ್ಲಿವೆ, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿವೆ. ಶತ್ರುವಿನ ಗೋರಿಗೆ ಯಾಕೆ ಹೋಗಬೇಕು ಎಂದು ಕೆಲವರು ಸಿಟ್ಟಾಗುತ್ತಾರೆ. ಕೈ ಮುಗಿಯಲು ಹೋಗಿ ಎಂದು ನಾನೂ ಹೇಳುತ್ತಿಲ್ಲ. ಅಕ್ಟೋಬರಿನ ಕಾಳಗದ ಸತ್ತವನೊಬ್ಬ, ಡಿಸೆಂಬರಿನ ಕಾಳಗದ ಸತ್ತವನೊಬ್ಬ, ಇಬ್ಬರೂ ಒಂದೇ ಊರಲ್ಲಿದ್ದಾರೆ. ಕಿತ್ತೂರಿಗೆ ಹೋಗುವ ಮುಂಜಾನೆಯೇ ಅದನ್ನು ನೋಡಿಕೊಂಡು ಬಸ್ಸು ಹತ್ತಿದರೆ ಎರಡೂ ಕಾಳಗ ಬೇರೆಬೇರೆಯಾಗಿ ತಲೆಯಲ್ಲಿ ಕೂರುತ್ತವೆ. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ ಇವನೇ ಏನು ಎಂದು ಕೇಳುವವರಿದ್ದಾರೆ. ಅಲ್ಲ, ಇವನು ಆ ಕಾದಂಬರಿಕಾರನ ಚಿಕ್ಕಪ್ಪ.

ದತ್ತು ಮಕ್ಕಳಿಗೆ ಹಕ್ಕಿಲ್ಲ ಅಂದವ ಡಾಲ್‌ಹೌಸಿ ಅಲ್ಲೇನು? ಅವ ಬಂದದ್ದು ಎಷ್ಟೋ ವರ್ಷದ ಮ್ಯಾಲ!

ಸರಿಯಾದ ಪ್ರಶ್ನೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳೇ ಹೆಚ್ಚಾಗಿ ಕೇಳುತ್ತಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಗಲಾಟೆ ಅದಕ್ಕಿಂತ 24 ವರ್ಷ ಹಿಂದಿನದು. 1818ರಲ್ಲಿ ಪೇಶ್ವೆ ಸೋತ ಮೇಲೆ ಅವನ ಕೈಕೆಳಗಿನ ಸಂಸ್ಥಾನಗಳಿಗೆ ಕಂಪನಿಯೇ ಮೇಲೊಡೆಯನಾಯಿತು, ದತ್ತಿಗೆ ಮೇಲೊಡೆಯನ ಒಪ್ಪಿಗೆ ಬೇಕೆಂದು ಆಗಲೇ ಹಟ ಹಿಡಿಯಿತು. ಡಾಲ್‌ಹೌಸಿ ಅದನ್ನು ದೇಶದ ತುಂಬ ನೀತಿಯಾಗಿ ಹಬ್ಬಿಸಿದ. ಪುಸ್ತಕಗಳಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆದಿರುವುದರಿಂದ ಈ ಗೊಂದಲ.

ಸಿನಿಮಾದಾಗಿನ ಕಪ್ಪದ ಡೈಲಾಗ್ ರಾಣಿ ಖರೇನ ಅಂದಿದ್ಳೇನು? ಕುದರಿ ಮ್ಯಾಲ ಕುಂತ ಯುದ್ಧ ಮಾಡಿದ್ಳೇನು?

ಆ ಮಾತು ನಾಟಕ-ಸಿನಿಮಾದ್ದು. 1824ರ ಮುಖ್ಯ ತಕರಾರು ಕಪ್ಪವಲ್ಲ, ದತ್ತು ಮತ್ತು ಖಜಾನೆ. ಶಾಲೆಯ ಸಮ್ಮೇಳನದಲ್ಲಿ ಹುಡುಗಿಯರು ಆ ಮಾತು ಒದರಿದಾಗ ನಾನೂ ಚಪ್ಪಾಳೆ ಹೊಡೆಯುತ್ತೇನೆ. ಕೋಟೆಯಲ್ಲಿ ನಿಂತು ಇತಿಹಾಸ ಹೇಳುವಾಗ ಮಾತ್ರ ಅದನ್ನು ಬದಿಗಿಡಬೇಕು.

ಕುದುರೆಯ ಚಿತ್ರ ನಮ್ಮ ಕಣ್ಣಲ್ಲಿ ಕೂತಿರುವುದು ಮೂರ್ತಿಗಳಿಂದ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ದಿನಾ ನೋಡುತ್ತೇವಲ್ಲ. 1778ರಲ್ಲಿ ಹುಟ್ಟಿದವಳಿಗೆ ಆಗ 46ರ ಹತ್ತಿರ ಪ್ರಾಯ. ಗಂಡನಿಲ್ಲ, ಪಟ್ಟದಲ್ಲಿದ್ದ ಮಗನಿಲ್ಲ, ಎದುರಿಗೆ ಕಲೆಕ್ಟರ್. ರಣದಲ್ಲಿ ದಂಡು ನಡೆಸಿದವನು ಗುರುಸಿದ್ದಪ್ಪ, ಬಾಗಿಲು ಹಾಕಿಸುವ, ತೆರೆಸುವ, ಸೆರೆಯಾಳುಗಳನ್ನು ಕೊಲ್ಲದೆ ಇಟ್ಟುಕೊಳ್ಳುವ ನಿರ್ಧಾರ ರಾಣಿಯದು. ನನಗೆ ಕುದುರೆಗಿಂತ ಆ ನಿರ್ಧಾರಗಳೇ ದೊಡ್ಡವೆನಿಸುತ್ತವೆ.

ಸೆರಿ ಸಿಕ್ಕ ಎಲಿಯಟ್ ಮುಂದ ಏನಾದ?

ಕತೆಯ ವಿಚಿತ್ರ ತಿರುವು ಇದು. ಸೆರೆಯಿಂದ ಬಿಡುಗಡೆಯಾದ ತರುಣ ವಾಲ್ಟರ್ ಎಲಿಯಟ್ ಮುಂದೆ ಈ ಸೀಮೆಯಲ್ಲೇ ನೌಕರಿ ಮಾಡಿದ, ಕನ್ನಡ ಶಾಸನಗಳ ಗೀಳು ಹಿಡಿಸಿಕೊಂಡ, ನೂರಾರು ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ವಂಶಾವಳಿ ಬಿಡಿಸಲು ಮೊದಮೊದಲು ಕೈಹಾಕಿದವರಲ್ಲಿ ಅವನೂ ಒಬ್ಬ. ಅಮರಾವತಿಯ ಸ್ತೂಪದ ಶಿಲ್ಪಗಳನ್ನು ಅಗೆಸಿ ಮದ್ರಾಸಿಗೆ ಸಾಗಿಸಿದವನೂ ಅವನೇ, ಅವುಗಳಲ್ಲಿ ಬಹಳಷ್ಟು ಆಮೇಲೆ ಲಂಡನ್ ಸೇರಿದವು. ಕಿತ್ತೂರಿನ ಸೆರೆಯಲ್ಲಿ ಪ್ರಾಣ ಉಳಿದದ್ದರ ಫಲ ಎರಡೂ. ಯಾವುದಕ್ಕೆ ಸಂತೋಷಪಡಬೇಕು, ಯಾವುದಕ್ಕೆ ಸಿಟ್ಟಾಗಬೇಕು ಎಂದು ಕೇಳಿದರೆ ಎರಡಕ್ಕೂ ಎನ್ನುತ್ತೇನೆ.

ನೆಲದಾಗ ಏನರ ಸಿಕ್ರ ಮನಿಗೆ ಒಯ್ಯಬೌದೇನು? ಒಂದ ಹಳೇ ಇಟ್ಟಂಗಿ?

ಇಟ್ಟಂಗಿಯೂ ಬೇಡ, ಗುಂಡಿನ ಚೂರೂ ಬೇಡ. ಸ್ಮಾರಕದ ಆವರಣದಿಂದ ಏನನ್ನೂ ಎತ್ತಿಕೊಂಡು ಹೋಗುವಂತಿಲ್ಲ, ನೆಲದಲ್ಲಿ ಹುಗಿದ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯ್ದೆ ಬ್ರಿಟಿಷರ ಕಾಲದಿಂದ ಇದೆ. ಗಾರೆಯ ಮೇಲೆ ಹೆಸರು ಕೊರೆಯುವ ಪ್ರೇಮಿಗಳಿಗೂ ಇದೇ ಉತ್ತರ. ಏನಾದರೂ ಕಂಡರೆ ಇದ್ದಲ್ಲೇ ಬಿಟ್ಟು, ಫೋಟೋ ತೆಗೆದು ಮ್ಯೂಸಿಯಂನವರಿಗೆ ತೋರಿಸಿ.

ಕಿತ್ತೂರು ಆತು. ಇಂಥಾದ್ದ ಇನ್ನೊಂದು ಎಲ್ಲೈತಿ?

ಗದಗ ಜಿಲ್ಲೆಯ ನರಗುಂದ. ಹುಬ್ಬಳ್ಳಿಯಿಂದ ನವಲಗುಂದದ ಮೇಲೆ ಸುಮಾರು 55 ಕಿ.ಮೀ. ಅಲ್ಲಿಯ ಬಾಬಾಸಾಹೇಬನದೂ ದತ್ತಿನದೇ ಗೋಳು, ಕಾಲ ಮಾತ್ರ 1858. ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್‌ನನ್ನು ಸುರೇಬಾನದಲ್ಲಿ ಕೊಂದು ರುಂಡವನ್ನು ನರಗುಂದಕ್ಕೆ ತಂದರು. ಜೂನ್ ತಿಂಗಳ ಮೊದಲ ದಿನಗಳಲ್ಲೇ ಕರ್ನಲ್ ಮಾಲ್ಕಂನ ಸೈನ್ಯಕ್ಕೆ ನರಗುಂದ ಬಿತ್ತು. ಬಾಬಾಸಾಹೇಬನನ್ನು ಹಿಡಿದು ಅದೇ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಅವ್ವನನ್ನು ಅಲ್ಲಿಗೆ ಕರೆದೊಯ್ಯುವ ಮುಂಚೆ ಯೋಚಿಸಿ. ಅದು ಗುಡ್ಡದ ಕೋಟೆ, ಹತ್ತಲೇಬೇಕು. ನೀರು ಕೆಳಗಿನಿಂದಲೇ ಹೊತ್ತುಕೊಂಡು, ಬಿಸಿಲೇರುವ ಮುಂಚೆ ಹತ್ತಿ ಇಳಿದುಬಿಡಿ. ಹತ್ತಲಾಗದವರು ಊರೊಳಗಿನ ಹಳೆಯ ವಾಡೆಯ ಕಡೆ, ಪೇಟೆಯ ಕಡೆ ಅಡ್ಡಾಡುತ್ತಿರಲಿ. 1980ರ ರೈತ ಬಂಡಾಯದ ವೀರಗಲ್ಲೂ ಅದೇ ಊರಿನಲ್ಲಿದೆ, ಅಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.